ಕಲಿಯುವ ಯಂತ್ರಗಳೂ ಅವುಗಳಿಗೆ ಕಲಿಸಿದ ಪಂಡಿತರೂ

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರು ಸಣ್ಣದೊಂದು ಕಾಫಿ ತೋಟವನ್ನು ಇಟ್ಟುಕೊಂಡಿರುವರು. ಕೆಲವು ಕಾಲದ ಹಿಂದೆ ನಾವು ಅವರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಆ ಸೀಮೆಯಲ್ಲಿ ಕತ್ತಲೆಯಾದ ಮೇಲೆ ಯಾರೂ ಮನೆಯಿಂದ ಹೊರಬೀಳುವುದಿಲ್ಲ. ಬೇಲೂರು, ಆಲೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ಕಾಡಾನೆಗಳ ಸಂಚಾರವು ನಿತ್ಯದ ಮಾತಾಗಿರುವುದೂ ಅದರಿಂದ ಮನುಷ್ಯರ ಪ್ರಾಣಗಳೇ ಹೋಗಿರುವುದೂ ವಾಚಕರು ಬಲ್ಲ ಸಂಗತಿಯೇ ಸರಿ. ಅರಣ್ಯ ಇಲಾಖೆಯವರು ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರನ್ನು ಕಟ್ಟಿ, ಹಿಂಡು ಎಲ್ಲಿರುವುದೆಂಬುದನ್ನು ಊರವರ ಫೋನುಗಳಿಗೆ ತಿಳಿಸುವ ಏರ್ಪಾಡನ್ನು ಮಾಡಿರುವರು. ಅಂದು ಸಂಜೆ ಅಂಥದೊಂದು ಸುದ್ದಿ ಬಂದಿತು. ನಮ್ಮ ಸ್ನೇಹಿತರು ಅದನ್ನು ಓದಿಕೊಂಡು, ಮರುದಿನ ತೋಟದ ಕೆಳಭಾಗಕ್ಕೆ ಆಳುಗಳನ್ನು ಕಳುಹಿಸಬಾರದೆಂದು ಮೇಸ್ತ್ರಿಗೆ ಹೇಳಿದರು.

ಹೈಸ್ಕೂಲಿನಲ್ಲಿ ಓದುತ್ತಿರುವ ಅವರ ಮೊಮ್ಮಗಳು ಪಕ್ಕದಲ್ಲಿ ಕುಳಿತಿದ್ದಳು. “ಅಜ್ಜ, ಆನೆ ಎಲ್ಲಿದೆ ಅಂತ ಈಗ ಹೇಳ್ತಾರೆ. ನಾಳೆ ಅದು ಯಾವ ಕಡೆಗೆ ಹೋಗುತ್ತೆ ಅಂತ ಯಂತ್ರವೇ ಯೋಚನೆ ಮಾಡಿ ಹೇಳುವ ಕಾಲ ಬರುತ್ತಂತೆ. ಅಂಥ ಯಂತ್ರಕ್ಕೆ ಬುದ್ಧಿ ಕಲಿಸಿದವರು ಯಾರು? ಅವರಿಗೆ ಯಾರಾದರೂ ಬಹುಮಾನ ಕೊಟ್ಟಿದ್ದಾರಾ?” ಎಂದು ಕೇಳಿದಳು.

“ಅಮೆರಿಕದವರು ಯಾರೋ ಇರಬೇಕು ಕಣಮ್ಮ” ಎಂದರು ನಮ್ಮ ಸ್ನೇಹಿತರು. ಅನಂತರ ನಮ್ಮ ಮುಖವನ್ನು ನೋಡಿದರು. ವರ್ತಮಾನಪತ್ರಗಳಲ್ಲಿ ಓದಿದ ಎರಡು ಪರದೇಶದ ಹೆಸರುಗಳನ್ನು ಹೇಳಿ ನಾವೂ ಸುಮ್ಮನಾದೆವು. ಆ ಉತ್ತರವು ತಪ್ಪಾಗಿರಲಿಲ್ಲ. ಆದರೆ ಪೂರ್ತಿಯಾಗಿಯೂ ಇರಲಿಲ್ಲ. ಬೆಂಗಳೂರಿನಲ್ಲಿಯೇ ಈ ವಿದ್ಯೆಯ ಒಂದು ಮುಖ್ಯವಾದ ಕವಲು ಮೂವತ್ತು ನಲವತ್ತು ವರ್ಷಗಳ ಕಾಲ ಬೆಳೆದಿತ್ತೆಂಬುದನ್ನು ನಾವು ಊರಿಗೆ ಹಿಂದಿರುಗಿ ಪುಸ್ತಕಗಳನ್ನು ತಿರುವಿಹಾಕಿದ ಮೇಲೆಯೇ ಚೆನ್ನಾಗಿ ಅರಿತೆವು. ಆ ಹುಡುಗಿಗೆ ಅಂದು ಹೇಳಬೇಕಾಗಿದ್ದ ಉತ್ತರವನ್ನೇ ಈ ಲೇಖನದಲ್ಲಿ ವಾಚಕರ ಮುಂದಿಡುತ್ತಿರುವೆವು.

ಶಿಲ್ಪಿಯ ಹೆಸರು

ಮರುದಿನ ನಾವು ಬೇಲೂರಿಗೆ ಹೋದೆವು. ಚೆನ್ನಕೇಶವ ದೇವಾಲಯವು ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾದುದೆಂಬುದು ಸರ್ವವಿದಿತವಾಗಿದೆ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರು ಸ್ಥಳಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಿನ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಮೂರ್ತಿಗಳ ಸೌಂದರ್ಯವೊಂದೇ ಅಲ್ಲ. ಅವುಗಳ ಪಾದಪೀಠದಲ್ಲಿ ಕೊರೆದಿರುವ ಸಣ್ಣ ಅಕ್ಷರಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನೂ ಊರನ್ನೂ ಬಿರುದುಗಳನ್ನೂ ಕಲ್ಲಿನಲ್ಲಿಯೇ ಬರೆದಿಟ್ಟು ಹೋಗಿರುವರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಅನೇಕ ಮೂರ್ತಿಗಳ ಕೆಳಗೆ ಕಾಣುವುದು.

ಹಿಂದೂದೇಶದ ಪ್ರಾಚೀನ ಶಿಲ್ಪಗಳಲ್ಲಿ ಬಹುಭಾಗವು ಕರ್ತೃವಿನ ಹೆಸರಿಲ್ಲದವು. ಗುಡಿ ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುವುದು. ಉಳಿಯ ಹಿಡಿದವನ ಹೆಸರು ಅಳಿಯುವುದು. ಆದರೆ ನಮ್ಮ ಈ ಸೀಮೆಯಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಕೆಲಸ ಮಾಡಿದವನ ಹೆಸರಿಗೆ ಒಂದು ಸ್ಥಾನವಿತ್ತು. ಪಾಂಡಿತ್ಯವನ್ನು ಮೆಚ್ಚುವುದೆಂದರೆ ಮೊದಲು ಅದು ಯಾರದೆಂದು ತಿಳಿದು ಹೇಳುವುದು. ಈ ಅಳತೆಗೋಲನ್ನು ಹಿಡಿದುಕೊಂಡು ಇಂದಿನ ಯಂತ್ರವಿದ್ಯೆಯ ಕಡೆಗೆ ತಿರುಗೋಣ.

ಮೇಸ್ತ್ರಿಯಂಥ ಯಂತ್ರ

ಕೃತಕ ಬುದ್ಧಿಮತ್ತೆ ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಅದರೊಳಗೆ ‘ಏಜೆಂಟ್’ ಎಂದು ಕರೆಯುವ ಒಂದು ಶಾಖೆಯುಂಟು. ಏಜೆಂಟನೆಂದರೆ ಏನೆಂಬುದನ್ನು ತಿಳಿಯಲು ಕಾಫಿತೋಟಕ್ಕಿಂತ ಒಳ್ಳೆಯ ದೃಷ್ಟಾಂತವು ಬೇಕಾಗಿಲ್ಲ.

ತೋಟದ ಯಜಮಾನನು ಆಳೊಬ್ಬನಿಗೆ “ಈ ಗಿಡದ ಬುಡವನ್ನು ಬಿಡಿಸು” ಎಂದರೆ ಅವನು ಅಷ್ಟನ್ನೇ ಮಾಡಿ ನಿಲ್ಲುವನು. ಸಾಧಾರಣವಾದ ಗಣಕಯಂತ್ರವು ಈ ಬಗೆಯದು. ಆದರೆ ಮೇಸ್ತ್ರಿಯ ಕೆಲಸ ಬೇರೆ. “ಈ ತಿಂಗಳೊಳಗೆ ಹಣ್ಣು ಕೊಯ್ದು ಮುಗಿಯಬೇಕು” ಎಂದಷ್ಟೇ ಯಜಮಾನನ ಅಪ್ಪಣೆ. ಯಾವ ದಿನ ಯಾವ ಪಟ್ಟಿಯನ್ನು ಕೊಯ್ಯಬೇಕು, ಮಳೆ ಬಂದರೆ ಏನು ಮಾಡಬೇಕು, ಆನೆ ಬಂದಿದೆಯೆಂದು ತಿಳಿದರೆ ಆಳುಗಳನ್ನು ಎಲ್ಲಿಗೆ ಕಳುಹಿಸಬೇಕು ಎಂಬುದೆಲ್ಲ ಮೇಸ್ತ್ರಿಯ ವಿವೇಚನೆಗೆ ಬಿಟ್ಟುದು. ಅವನು ಸುತ್ತಲೂ ನೋಡುವನು, ನಿಶ್ಚಯಿಸುವನು, ಮಾಡುವನು, ಫಲವನ್ನು ಕಂಡು ತನ್ನನ್ನು ತಿದ್ದಿಕೊಳ್ಳುವನು. ಹೀಗೆ ಗುರಿಯನ್ನು ಮಾತ್ರ ನಮ್ಮಿಂದ ಪಡೆದು, ದಾರಿಯನ್ನು ತಾನೇ ಹುಡುಕಿಕೊಳ್ಳುವ ಯಂತ್ರಕ್ಕೆ ಸ್ವಾಯತ್ತ ಏಜೆಂಟ್ ಎಂದು ಹೆಸರು.

ಒಂದೇ ತೋಟದಲ್ಲಿ ಮೂರು ನಾಲ್ಕು ಮಂದಿ ಮೇಸ್ತ್ರಿಗಳಿದ್ದರೆ ಅವರೊಳಗೆ ಹೊಂದಿಕೆಯ ಪ್ರಶ್ನೆಯೂ ಹುಟ್ಟುವುದಷ್ಟೆ. ಒಬ್ಬನ ಆಳುಗಳನ್ನು ಮತ್ತೊಬ್ಬನು ಕೇಳುವನು. ಒಬ್ಬನು ನೀರು ಬಿಟ್ಟರೆ ಮತ್ತೊಬ್ಬನಿಗೆ ಕಡಿಮೆಯಾಗುವುದು. ಅನೇಕ ಏಜೆಂಟರು ಕೂಡಿದಾಗ ಪೈಪೋಟಿಯೂ ಸಹಕಾರವೂ ಹೇಗೆ ನಡೆಯಬೇಕೆಂಬುದೇ ಈ ಶಾಸ್ತ್ರದ ಬಹು ಕಠಿಣವಾದ ಭಾಗವು.

ಎರಡು ದಾರಿಯ ಆನೆ

ಯಂತ್ರವು ಕಲಿಯುವುದೆಂದರೆ ಹೇಗೆ? ಅದಕ್ಕೆ ಕಿವಿಯಿಲ್ಲ, ಹಸಿವಿಲ್ಲ, ಬೆತ್ತದ ಭಯವಿಲ್ಲ. ಇದನ್ನು ತಿಳಿಯಲು ಬಿಕ್ಕೋಡಿನ ಆನೆಯನ್ನೇ ಕರೆಯೋಣ.

ಆನೆಯ ಮುಂದೆ ಎರಡು ದಾರಿಗಳಿವೆಯೆಂದು ಭಾವಿಸಿರಿ. ಎಡದ ದಾರಿಯಲ್ಲಿ ಹೋದರೆ ಹತ್ತರಲ್ಲಿ ಎಂಟು ಸಲ ಮೇವು ಸಿಕ್ಕುವುದು. ಬಲದ ದಾರಿಯಲ್ಲಿ ಎರಡೇ ಸಲ, ಉಳಿದಾಗ ವಿದ್ಯುತ್ತಿನ ಬೇಲಿ ತಗುಲುವುದು. ಇದು ಆನೆಗೆ ಮುಂಚಿತವಾಗಿ ತಿಳಿಯದು. ಹೋಗಿ ನೋಡಿಯೇ ತಿಳಿಯಬೇಕು. ಅದೃಷ್ಟವಶಾತ್ ಮೊದಲನೆಯ ಸಲ ಬಲದ ದಾರಿಯಲ್ಲಿಯೇ ಮೇವು ಸಿಕ್ಕಿಬಿಟ್ಟರೆ ಅದು ಮೋಸಹೋಗಲೂಬಹುದು.

ಈಗ ಆನೆಯ ಸ್ಥಳದಲ್ಲಿ ಯಂತ್ರವನ್ನಿಡೋಣ. ಅದರ ಬಳಿ ಒಂದು ಚೀಲವಿದೆ. ಅದರೊಳಗೆ 50 ಕಾಫಿಬೀಜ, 50 ಹುಣಿಸೆಬೀಜ. ಕಣ್ಣು ಮುಚ್ಚಿ ಒಂದನ್ನು ತೆಗೆಯುವುದು. ಕಾಫಿಬೀಜ ಬಂದರೆ ಎಡಕ್ಕೆ, ಹುಣಿಸೆಬೀಜ ಬಂದರೆ ಬಲಕ್ಕೆ ಹೋಗುವುದು. ತೆಗೆದ ಬೀಜವನ್ನು ಚೀಲಕ್ಕೆ ಹಿಂದಕ್ಕೆ ಹಾಕುವುದು. ಎಡಕ್ಕೆ ಹೋಗಿ ಫಲ ಸಿಕ್ಕಿದರೆ, ಚೀಲದಲ್ಲಿರುವ ಹುಣಿಸೆಬೀಜಗಳಲ್ಲಿ ಹತ್ತರಲ್ಲೊಂದು ಪಾಲನ್ನು ತೆಗೆದು ಅಷ್ಟೇ ಕಾಫಿಬೀಜಗಳನ್ನು ಹಾಕುವುದು. ಆಗ ಕಾಫಿಬೀಜ 55, ಹುಣಿಸೆಬೀಜ 45 ಆಯಿತು. ಮತ್ತೊಮ್ಮೆ ಎಡದಲ್ಲಿ ಫಲ ಸಿಕ್ಕಿದರೆ 45ರಲ್ಲಿ ಹತ್ತನೆಯ ಒಂದು ಪಾಲು, ಲೆಕ್ಕದಲ್ಲಿ ನಾಲ್ಕೂವರೆ, ಈ ಕಡೆಗೆ ಬರುವುದು. ಕಾಫಿಯ ಪಾಲು ಐವತ್ತೊಂಬತ್ತೂವರೆ ಆಗುವುದು. ಬಲದ ದಾರಿಯಲ್ಲಿ ಫಲ ಸಿಕ್ಕಿದರೆ ಇದೇ ಲೆಕ್ಕವು ಹುಣಿಸೆಯ ಕಡೆಗೆ. ಫಲ ಸಿಕ್ಕದೆ ಹೋದರೋ, ಚೀಲವನ್ನು ಮುಟ್ಟುವುದೇ ಇಲ್ಲ. ದಂಡನೆಯಿಲ್ಲ, ಮೆಚ್ಚುಗೆ ಮಾತ್ರ.

ಇಷ್ಟೇ ನಿಯಮ. ಎಡದ ದಾರಿಯಲ್ಲಿ ಹೆಚ್ಚು ಸಲ ಫಲ ಸಿಕ್ಕುವುದರಿಂದ ಕಾಲಕ್ರಮದಲ್ಲಿ ಚೀಲವು ಕಾಫಿಬೀಜದಿಂದಲೇ ತುಂಬುವುದು. ಯಂತ್ರಕ್ಕೆ ಯಾರೂ “ಎಡಕ್ಕೆ ಹೋಗು” ಎಂದು ಹೇಳಲಿಲ್ಲ. ಲೋಕವೇ ಅದಕ್ಕೆ ಗುರುವಾಯಿತು. ಆದರೆ ಇಲ್ಲಿ ಒಂದು ಅಪಾಯವುಂಟು. ಹತ್ತರಲ್ಲೊಂದು ಪಾಲಿಗೆ ಬದಲಾಗಿ ಅರ್ಧವನ್ನೇ ಪ್ರತಿಸಲವೂ ಬದಲಾಯಿಸಿದರೆ, ಬಲದ ದಾರಿಯಲ್ಲಿ ಮೊದಮೊದಲು ಆಕಸ್ಮಿಕವಾಗಿ ಎರಡು ಮೂರು ಸಲ ಫಲ ಸಿಕ್ಕಿದೊಡನೆ ಯಂತ್ರವು ತಪ್ಪುದಾರಿಗೇ ಅಂಟಿಕೊಂಡುಬಿಡುವುದು. ನೂರರಲ್ಲೊಂದು ಪಾಲನ್ನು ಬದಲಾಯಿಸಿದರೆ ಕಲಿಕೆ ನಿಧಾನವಾಗುವುದು, ತಪ್ಪಿನ ಸಂಭವವೂ ಬಹಳ ಕಡಿಮೆಯಾಗುವುದು. ಅವಸರದಿಂದ ಕಲಿತ ಪಾಠವು ನಿಲ್ಲದೆಂದು ಮನೆಯ ಹಿರಿಯರು ಹೇಳುವ ಮಾತಿಗೆ ಇಲ್ಲಿ ಗಣಿತದ ಆಧಾರವೇ ದೊರೆತಂತಾಯಿತು.

ಇಂಥ ಯಂತ್ರಕ್ಕೆ ಇಂಗ್ಲಿಷಿನಲ್ಲಿ ‘ಲರ್ನಿಂಗ್ ಆಟೋಮೇಟನ್’ ಎನ್ನುವರು. ಕಲಿಯುವ ಸ್ವಯಂಚಾಲಕವೆಂದು ನಾವು ಕರೆಯಬಹುದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಪ್ರಾಣಿಗಳ ಕಲಿಕೆಯನ್ನು ಗಣಿತದಿಂದ ವರ್ಣಿಸಲು ಇಂಥ ಸೂತ್ರಗಳನ್ನು ರಚಿಸಿದರು. 1960ರ ದಶಕದ ಆರಂಭದಲ್ಲಿ ಮಾಸ್ಕೋದ ತ್ಸೆಟ್ಲಿನ್ ಎಂಬ ಪಂಡಿತನು ಯಂತ್ರಗಳ ಕಡೆಯಿಂದ ಈ ವಿಚಾರವನ್ನು ಎತ್ತಿಕೊಂಡನು. ಅಲ್ಲಿಂದ ಮುಂದೆ ಈ ಕಥೆಯು ಬೆಂಗಳೂರಿಗೆ ಬರುವುದು.

ಬೆಂಗಳೂರಿನ ಕೆಲಸ

ಭಾರತೀಯ ವಿಜ್ಞಾನ ಮಂದಿರವು 1909ರಲ್ಲಿ ಸ್ಥಾಪಿತವಾಯಿತು. ಅದಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಆ ಆವರಣದ ವಿದ್ಯುತ್ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದವರು ಎಂ. ಎ. ಎಲ್. ತಾತಾಚಾರ್ ಅವರು. ಮೈಸೂರು ನಗರದಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವಿಯನ್ನು ಪಡೆದು, ವಿಜ್ಞಾನ ಮಂದಿರದಲ್ಲಿಯೇ ಡಾಕ್ಟರೇಟನ್ನು ಗಳಿಸಿದ ಇವರು ಕಲಿಯುವ ಸ್ವಯಂಚಾಲಕಗಳ ವಿಚಾರದಲ್ಲಿ ತಮ್ಮ ಆಯುಸ್ಸಿನ ಬಹುಭಾಗವನ್ನು ವಿನಿಯೋಗಿಸಿದರು.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿದ್ದ, ಮದರಾಸು ಮೂಲದ ಕುಂಪಟಿ ನರೇಂದ್ರ ಅವರೊಡಗೂಡಿ ತಾತಾಚಾರ್ ಅವರು 1974ರಲ್ಲಿ ಈ ವಿಷಯದ ಒಂದು ದೊಡ್ಡ ಸಮೀಕ್ಷೆಯನ್ನು ಪ್ರಕಟಿಸಿದರು. ಅಲ್ಲಲ್ಲಿ ಚೆದರಿಹೋಗಿದ್ದ ಸಂಶೋಧನೆಗಳು ಅದರಿಂದ ಒಂದು ಶಾಸ್ತ್ರದ ರೂಪವನ್ನು ತಳೆದವು. 1989ರಲ್ಲಿ ಇದೇ ಇಬ್ಬರು ಬರೆದ ಪುಸ್ತಕವು ಹೊರಬಂದು, ಈ ವಿಷಯದಲ್ಲಿ ಮೂಲಗ್ರಂಥವೆಂಬ ಮಾನ್ಯತೆಯನ್ನು ಪಡೆಯಿತು.

ತಾತಾಚಾರ್ ಅವರ ಸುತ್ತ ಶಿಷ್ಯರ ಒಂದು ಮಂಡಲಿಯೇ ಬೆಳೆಯಿತು. ಅವರಲ್ಲಿ ಪಿ. ಎಸ್. ಶಾಸ್ತ್ರಿ ಅವರ ಹೆಸರು ಮುಖ್ಯವಾದುದು. ಚೀಲದ ಬೀಜವನ್ನು ಬದಲಾಯಿಸುವ ನಿಯಮವು ನಿಧಾನವೆಂದು ನಾವು ಮೇಲೆ ಹೇಳಿದೆವಷ್ಟೆ. ಇವರಿಬ್ಬರೂ 1985ರ ಸುಮಾರಿಗೆ ಒಂದು ಹೊಸ ಉಪಾಯವನ್ನು ತೋರಿಸಿದರು. ಯಂತ್ರವು ಚೀಲದ ಜೊತೆಗೆ ಒಂದು ಲೆಕ್ಕದ ಪುಸ್ತಕವನ್ನೂ ಇಟ್ಟುಕೊಳ್ಳಲಿ. ಯಾವ ದಾರಿಯಲ್ಲಿ ಎಷ್ಟು ಸಲ ಹೋದೆ, ಎಷ್ಟು ಸಲ ಫಲ ಸಿಕ್ಕಿತು ಎಂದು ಬರೆದುಕೊಳ್ಳಲಿ. ಈಚಿನ ಒಂದು ಸಲದ ಫಲವನ್ನಲ್ಲದೆ ಒಟ್ಟು ಲೆಕ್ಕವನ್ನು ನೋಡಿ ಚೀಲವನ್ನು ತಿದ್ದಲಿ ಎಂಬುದೇ ಆ ಉಪಾಯ. ಗೃಹಿಣಿಯು ಒಂದು ದಿನದ ತರಕಾರಿಯ ಬೆಲೆಯನ್ನು ನೋಡದೆ ತಿಂಗಳ ಖರ್ಚಿನ ಪುಸ್ತಕವನ್ನು ನೋಡಿ ಅಂಗಡಿಯನ್ನು ಗೊತ್ತುಮಾಡುವಂತೆ ಇದು. ಇದರಿಂದ ಕಲಿಕೆಯು ಬಹಳ ವೇಗವಾಯಿತು.

ನಮ್ಮ ಕಥೆಗೆ ಇನ್ನೂ ಹತ್ತಿರವಾದುದು 1994ರಲ್ಲಿ ಶಾಸ್ತ್ರಿ, ಫಣ್ಸಲ್ಕರ್, ತಾತಾಚಾರ್ ಈ ಮೂವರು ಪ್ರಕಟಿಸಿದ ಲೇಖನ. ಅನೇಕ ಏಜೆಂಟರು ಒಂದೇ ಆಟದಲ್ಲಿ ಸೇರಿರುವರೆಂದು ಇಟ್ಟುಕೊಳ್ಳಿರಿ. ಇಬ್ಬರು ವೀಳ್ಯದೆಲೆಯ ವ್ಯಾಪಾರಿಗಳು. ಅಕ್ಕಪಕ್ಕದ ಎರಡು ಊರುಗಳಲ್ಲಿ ಒಂದೇ ದಿನ ಸಂತೆ. ಇಬ್ಬರೂ ಒಂದೇ ಸಂತೆಗೆ ಹೋದರೆ ಇಬ್ಬರಿಗೂ ನಷ್ಟ; ಬೇರೆ ಬೇರೆ ಸಂತೆಗೆ ಹೋದರೆ ಇಬ್ಬರಿಗೂ ಲಾಭ. ಆದರೆ ಒಬ್ಬನಿಗೊಬ್ಬನ ಗುರುತಿಲ್ಲ, ಮಾತುಕತೆಯಿಲ್ಲ. ಮತ್ತೊಬ್ಬ ವ್ಯಾಪಾರಿಯಿರುವನೆಂಬುದೇ ಗೊತ್ತಿಲ್ಲ. ಪ್ರತಿಯೊಬ್ಬನಿಗೂ ತಿಳಿದಿರುವುದು ಸಂಜೆ ತನ್ನ ಗಲ್ಲದಲ್ಲಿ ಉಳಿದ ಹಣ ಮಾತ್ರ. ಇಷ್ಟು ಅಜ್ಞಾನದಲ್ಲಿಯೂ, ಪ್ರತಿಯೊಬ್ಬನೂ ಮೇಲೆ ಹೇಳಿದ ಚೀಲದ ನಿಯಮವನ್ನೇ ಸಾವಧಾನವಾಗಿ ಅನುಸರಿಸಿದರೆ, ಒಬ್ಬನೇ ದಾರಿ ಬದಲಾಯಿಸಿ ಹೆಚ್ಚು ಲಾಭ ಪಡೆಯಲಾರದಂಥ ಸಮತೋಲಗಳೇ ಅವರ ಕಲಿಕೆಯು ಸ್ಥಿರವಾಗಿ ನಿಲ್ಲುವ ಸ್ಥಾನಗಳಾಗುವುವೆಂದು ಈ ಮೂವರು ಗಣಿತದಿಂದ ತೋರಿಸಿದರು. ಅರ್ಥಶಾಸ್ತ್ರಜ್ಞರು ನ್ಯಾಷ್ ಸಮತೋಲವೆಂದು ಕರೆಯುವುದು ಇದನ್ನೇ. ಈಗ ಲೋಕವೆಲ್ಲ ಬಹು ಏಜೆಂಟರ ವಿಚಾರವನ್ನು ಮಾತನಾಡುತ್ತಿರುವಾಗ, ಆ ವಿಷಯದ ಇಂಥದೊಂದು ಪ್ರಮೇಯವು ಮಲ್ಲೇಶ್ವರದ ಮಗ್ಗುಲಲ್ಲಿಯೇ ಸಿದ್ಧವಾಗಿತ್ತೆಂಬುದನ್ನು ನೆನೆದು ನಮಗೆ ಸಂತೋಷವೂ ಅದು ನಮಗೆ ತಿಳಿಯದೆ ಹೋಗಿತ್ತಲ್ಲಾ ಎಂದು ನಾಚಿಕೆಯೂ ಆಯಿತು.

ಪರದೇಶದ ಬಹುಮಾನಗಳು

ಇನ್ನು ಹುಡುಗಿಯ ಎರಡನೆಯ ಪ್ರಶ್ನೆ: ಇಂಥವರಿಗೆ ಬಹುಮಾನವನ್ನು ಯಾರು ಕೊಡುವರು?

ಗಣಕಶಾಸ್ತ್ರದಲ್ಲಿ ಎಲ್ಲಕ್ಕೂ ದೊಡ್ಡದು ಟ್ಯೂರಿಂಗ್ ಪಾರಿತೋಷಕ. ಅಮೆರಿಕದ ಎ.ಸಿ.ಎಂ. ಎಂಬ ಗಣಕಶಾಸ್ತ್ರಜ್ಞರ ಸಂಘವು 1966ರಿಂದ ಇದನ್ನು ಕೊಡುತ್ತಿದೆ. ಈಗ ಅದರ ಮೊತ್ತವು ಹತ್ತು ಲಕ್ಷ ಡಾಲರು. 1994ರಲ್ಲಿ ಅದು ಆಂಧ್ರದ ಕಾಟೂರು ಗ್ರಾಮದಲ್ಲಿ ಹುಟ್ಟಿದ ರಾಜ್ ರೆಡ್ಡಿಯವರಿಗೂ ಎಡ್ವರ್ಡ್ ಫೈಗೆನ್‌ಬಾಮ್ ಅವರಿಗೂ ಕೂಡಿ ದೊರೆಯಿತು. ಮನುಷ್ಯನ ಮಾತನ್ನು ಯಂತ್ರವು ಕೇಳಿ ತಿಳಿಯುವಂತೆ ಮಾಡಿದ ಮೊದಲಿಗರಲ್ಲಿ ರೆಡ್ಡಿಯವರು ಒಬ್ಬರು.

2024ನೆಯ ವರ್ಷದ ಟ್ಯೂರಿಂಗ್ ಪಾರಿತೋಷಕವು ಆಂಡ್ರೂ ಬಾರ್ಟೋ, ರಿಚರ್ಡ್ ಸಟನ್ ಎಂಬಿಬ್ಬರಿಗೆ ಸಂದಿತೆಂದು 2025ರ ಮಾರ್ಚಿಯಲ್ಲಿ ಪ್ರಕಟವಾಯಿತು. ಮೆಚ್ಚುಗೆಯಿಂದ ಯಂತ್ರವು ಕಲಿಯುವ ವಿದ್ಯೆಯನ್ನು ಬೆಳೆಯಿಸಿದುದಕ್ಕಾಗಿ ಅವರಿಗೆ ಈ ಗೌರವ. 2016ರಲ್ಲಿ ಗೋ ಎಂಬ ಪ್ರಾಚೀನವಾದ ಆಟದಲ್ಲಿ ಕೊರಿಯದ ಮಹಾಪಟುವನ್ನು ಸೋಲಿಸಿದ ಯಂತ್ರವು ಕಲಿತದ್ದು ಈ ವಿದ್ಯೆಯ ಬಲದಿಂದಲೇ. ಇವರಿಬ್ಬರೂ ಬರೆದ ಪ್ರಸಿದ್ಧ ಪಠ್ಯಗ್ರಂಥದಲ್ಲಿ ಈ ವಿದ್ಯೆಯ ಇತಿಹಾಸವನ್ನು ಹೇಳುವ ಭಾಗವೊಂದುಂಟು. ಅಲ್ಲಿ ತ್ಸೆಟ್ಲಿನ್ನನ ಹೆಸರೂ, ನರೇಂದ್ರ ತಾತಾಚಾರ್ ಇವರ ಹೆಸರೂ ಇವೆ. ಮತ್ತೊಂದು ಸಂಬಂಧವೂ ಉಂಟು. ಬಾರ್ಟೋ ಅವರೊಡನೆ ಸೇರಿ 1985ರಲ್ಲಿ ಕಲಿಯುವ ಸ್ವಯಂಚಾಲಕಗಳನ್ನು ಕುರಿತು ಒಂದು ಮುಖ್ಯ ಲೇಖನವನ್ನು ಬರೆದ ಪಿ. ಅನಂದನ್ ಅವರು, 2005ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಮೊದಲ ಮುಖ್ಯಸ್ಥರಾದರು.

ಏಜೆಂಟರ ಶಾಸ್ತ್ರಕ್ಕೆಂದೇ ಬೇರೆ ಒಂದು ಪ್ರಶಸ್ತಿಯಿದೆ. ಎ.ಸಿ.ಎಂ.ನ ಕೃತಕ ಬುದ್ಧಿಮತ್ತೆಯ ಶಾಖೆಯವರು ಪ್ರತಿವರ್ಷವೂ ಒಬ್ಬ ಶ್ರೇಷ್ಠ ಸಂಶೋಧಕರನ್ನು ಆರಿಸಿ, ಆ ಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಗೌರವಿಸುವರು. 2007ರಲ್ಲಿ ಇಸ್ರೇಲಿನ ಸರಿತ್ ಕ್ರಾಸ್, 2009ರಲ್ಲಿ ಯಂತ್ರಮಾನವರ ಕಾಲ್ಚೆಂಡಾಟಕ್ಕೆ ಹೆಸರಾದ ಮಾನ್ಯುಯೆಲಾ ವೆಲೋಸೋ ಎಂಬ ವಿದುಷಿಯರಿಗೆ ಇದು ದೊರೆಯಿತು. 2005ರಲ್ಲಿ ಇದನ್ನು ಪಡೆದವರು ಮುಂಬಯಿಯಲ್ಲಿ ಬೆಳೆದು ಪಿಲಾನಿಯಲ್ಲಿ ಓದಿದ ಮಿಲಿಂದ ತಂಬೆ ಅವರು.

ಇದೇ ಸಮ್ಮೇಳನದ ಮಂಡಲಿಯವರು ತರುಣರ ಡಾಕ್ಟರೇಟ್ ಪ್ರಬಂಧಕ್ಕೂ ಒಂದು ಬಹುಮಾನವನ್ನಿಟ್ಟಿರುವರು. ಅದಕ್ಕೆ ವಿಕ್ಟರ್ ಲೆಸ್ಸರ್ ಎಂಬ ಪಂಡಿತರ ಹೆಸರು. ಲೆಸ್ಸರ್ ಅವರು ತಮ್ಮ ತಾರುಣ್ಯದಲ್ಲಿ ರಾಜ್ ರೆಡ್ಡಿಯವರ ಮಾತು ತಿಳಿಯುವ ಯಂತ್ರದ ಕಾರ್ಯದಲ್ಲಿ ಪಾಲ್ಗೊಂಡವರು. ಹಾಗೆಯೇ, ಪ್ರಕಟವಾಗಿ ಹತ್ತು ವರ್ಷವಾದರೂ ಕಳೆದಿರುವ ಹಳೆಯ ಲೇಖನಗಳಿಗಾಗಿ ಮತ್ತೊಂದು ಬಹುಮಾನ. ಇದರ ವಿವೇಕವನ್ನು ನಾವು ಬಹಳ ಮೆಚ್ಚಿದೆವು. ಗಿಡ ನೆಟ್ಟ ವರ್ಷವೇ ನೆರಳನ್ನು ಅಳೆಯಲಾಗದು. ಹತ್ತು ವರ್ಷವಾದ ಮೇಲೆ ಯಾವ ಮರದ ಕೆಳಗೆ ಜನರು ಕುಳಿತಿರುವರೆಂದು ನೋಡಿದರೆ ನಿಜವು ತಿಳಿಯುವುದು.

ವಿದ್ಯೆಯು ಮನೆಗೆ ಬಂದ ಬಗೆ

ತಂಬೆ ಅವರ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತವಾಗಿದೆ. ಏಕೆಂದರೆ ಈ ಶಾಸ್ತ್ರವು ಗೃಹಸ್ಥನ ಬಾಗಿಲಿಗೆ ಹೇಗೆ ಬರುವುದೆಂಬುದು ಅದರಿಂದ ಸ್ಪಷ್ಟವಾಗುವುದು. ಕಾವಲಿನವರು ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಸುತ್ತಿದರೆ ಕಳ್ಳನು ಅದನ್ನು ಗಮನಿಸಿ ತಪ್ಪಿಸಿಕೊಳ್ಳುವನು. ಆದಕಾರಣ, ಮುಖ್ಯ ಸ್ಥಳಗಳಿಗೆ ಹೆಚ್ಚು ಕಾವಲನ್ನಿಟ್ಟೂ ಯಾರೂ ಮುಂಚಿತವಾಗಿ ಊಹಿಸಲಾರದಂತೆ ಸುತ್ತುವ ಕ್ರಮವನ್ನು ಅವರ ಮಂಡಲಿಯು ರಚಿಸಿತು. 2007ರಿಂದ ಅದು ಲಾಸ್ ಏಂಜಲಿಸಿನ ವಿಮಾನ ನಿಲ್ದಾಣದಲ್ಲಿ ಬಳಕೆಗೆ ಬಂದಿತು. ಮುಂದೆ ಅದೇ ತತ್ವದಿಂದ ಉಗಾಂಡ ಮೊದಲಾದ ದೇಶಗಳ ಅರಣ್ಯಗಳಲ್ಲಿ ಆನೆ ಮುಂತಾದ ಮೃಗಗಳನ್ನು ಕಳ್ಳಬೇಟೆಗಾರರಿಂದ ಕಾಪಾಡಲು ಅರಣ್ಯರಕ್ಷಕರಿಗೆ ದಾರಿ ತೋರಿಸುವ ಪ್ರಯತ್ನವು ನಡೆಯಿತು.

2019ರಲ್ಲಿ ಬೆಂಗಳೂರಿನಲ್ಲಿ ಗೂಗಲ್ ಸಂಸ್ಥೆಯ ಸಂಶೋಧನಾಲಯವು ತೆರೆದಾಗ, ಸಮಾಜಹಿತದ ಕಾರ್ಯಗಳ ವಿಭಾಗವನ್ನು ತಂಬೆ ಅವರು ನಡೆಸಿದರು. ಮುಂಬಯಿಯ ಅರ್ಮಾನ್ ಎಂಬ ಸೇವಾಸಂಸ್ಥೆಯು ಬಡ ಗರ್ಭಿಣಿಯರಿಗೂ ಎಳೆಯ ಕೂಸಿನ ತಾಯಂದಿರಿಗೂ ಫೋನಿನ ಮೂಲಕ ಆರೋಗ್ಯದ ಮಾತುಗಳನ್ನು ಕೇಳಿಸುತ್ತಿರುವುದು. ಕಾಲಕ್ರಮದಲ್ಲಿ ಅನೇಕ ತಾಯಂದಿರು ಕೇಳುವುದನ್ನು ಬಿಟ್ಟುಬಿಡುವರು. ಕಾರ್ಯಕರ್ತರು ಖುದ್ದಾಗಿ ಮಾತನಾಡಿದರೆ ಮತ್ತೆ ಕೇಳತೊಡಗುವರು; ಆದರೆ ತಾಯಂದಿರು ಸಾವಿರಾರು, ಕಾರ್ಯಕರ್ತರು ಕೆಲವರು. ಈ ವಾರ ಯಾರೊಡನೆ ಮಾತನಾಡಿದರೆ ಹೆಚ್ಚು ಪ್ರಯೋಜನ? ಇದು ನಮ್ಮ ಎರಡು ದಾರಿಯ ಆನೆಯ ಲೆಕ್ಕವೇ. ದಾರಿಗಳು ಮಾತ್ರ ಎರಡಲ್ಲ, ಸಾವಿರಾರು. ಸುಮಾರು 23,000 ತಾಯಂದಿರನ್ನೊಳಗೊಂಡ ಪರೀಕ್ಷೆಯಲ್ಲಿ, ಯಂತ್ರದ ಸಲಹೆಯಂತೆ ಮಾತನಾಡಿಸಿದಾಗ ಕೇಳುವುದು ಕುಗ್ಗುತ್ತಿದ್ದ ಪ್ರಮಾಣವು ನೂರಕ್ಕೆ 30ರಷ್ಟು ಕಡಿಮೆಯಾಯಿತೆಂದು ಅವರು ಪ್ರಕಟಿಸಿದರು. ಯಂತ್ರವು ಇಲ್ಲಿ ತಾಯಿಗೆ ಬುದ್ಧಿ ಹೇಳಲಿಲ್ಲ. ಬುದ್ಧಿ ಹೇಳುವ ಮನುಷ್ಯರ ಹೊತ್ತು ವ್ಯರ್ಥವಾಗದಂತೆ ನೋಡಿಕೊಂಡಿತು. ಇದೇ ಅದರ ಯೋಗ್ಯವಾದ ಸ್ಥಾನವೆಂದು ನಮ್ಮ ಅಭಿಪ್ರಾಯ.

ಹೆಸರು ಕಾಣದ ಕೈಗಳು

ಬಹುಮಾನಗಳ ವಿಷಯದಲ್ಲಿ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಇಂಥ ಗೌರವಗಳು ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಕೆಲಸವನ್ನು ಬಲ್ಲವರು ಯಾರಾದರೂ ಕಾಗದ ಬರೆದು, ಇಂಥವರು ಇಂಥ ಕಾರ್ಯವನ್ನು ಮಾಡಿರುವರೆಂದು ತಿಳಿಸಬೇಕು. ಪರೀಕ್ಷಕರು ಹೀಗೆ ಬಂದ ಹೆಸರುಗಳಿಂದ ಆರಿಸುವರು. ಸೂಚಿಸುವವರು ಇಲ್ಲದಿದ್ದರೆ ಎಷ್ಟು ದೊಡ್ಡ ಪಂಡಿತನ ಹೆಸರೂ ಆ ಮೇಜಿನ ಮೇಲೆ ಬರುವುದಿಲ್ಲ.

ತಾತಾಚಾರ್ ಅವರನ್ನು ಪಂಡಿತಲೋಕವು ಮರೆಯಿತೆಂದು ನಾವು ಹೇಳುವುದಿಲ್ಲ. ಐ.ಇ.ಇ.ಇ. ಎಂಬ ಅಂತರರಾಷ್ಟ್ರೀಯ ಇಂಜಿನಿಯರುಗಳ ಸಂಸ್ಥೆಯೂ ನಮ್ಮ ದೇಶದ ವಿಜ್ಞಾನ ಅಕಾಡೆಮಿಗಳೂ ಅವರನ್ನು ಫೆಲೋ ಆಗಿ ಆರಿಸಿ ಗೌರವಿಸಿರುವುವು. ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನವು 2009ರಲ್ಲಿ ಸ್ಥಾಪಿತವಾಗಿ, ಪ್ರತಿವರ್ಷವೂ ಶ್ರೇಷ್ಠ ಸಂಶೋಧಕರಿಗೆ ಚಿನ್ನದ ಪದಕವನ್ನೂ ದೊಡ್ಡ ಮೊತ್ತವನ್ನೂ ಕೊಡುತ್ತಿರುವುದು. 2019ರಲ್ಲಿ ಯಂತ್ರಕಲಿಕೆಯಲ್ಲಿ ಹೆಸರಾದ ಮುಂಬಯಿ ಐ.ಐ.ಟಿ.ಯ ಸುನೀತಾ ಸರವಾಗಿ ಅವರಿಗೆ ಅದು ದೊರೆಯಿತು. ಆದುದರಿಂದ ಪಂಡಿತರು ಪಂಡಿತರನ್ನು ಮೆಚ್ಚುವ ಏರ್ಪಾಡು ನಮ್ಮಲ್ಲಿ ಇಲ್ಲದೆ ಇಲ್ಲ. ಇಲ್ಲದಿರುವುದು ನಮ್ಮ ಜಗಲಿಗಳಲ್ಲಿ, ಊಟದ ಮನೆಗಳಲ್ಲಿ, ಶಾಲೆಯ ಗೋಡೆಗಳ ಮೇಲೆ ಅವರ ಹೆಸರು.

ಪಂಡಿತರಿಗಿಂತಲೂ ಮರೆಯಲ್ಲಿರುವ ಇನ್ನೊಂದು ವರ್ಗವುಂಟು. ಯಂತ್ರವು ಕನ್ನಡವನ್ನು ತಿಳಿಯಬೇಕಾದರೆ ಸಾವಿರಾರು ಜನರು ಕನ್ನಡದ ವಾಕ್ಯಗಳನ್ನು ಓದಿ ಅದಕ್ಕೆ ಕೇಳಿಸಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯು ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಂಗಸರಿಂದ ಇಂಥ ಕೆಲಸವನ್ನು ಮಾಡಿಸಿ, ಒಳ್ಳೆಯ ಕೂಲಿಯನ್ನು ಕೊಟ್ಟು, ಆ ಧ್ವನಿಯ ಸಂಗ್ರಹವು ಮತ್ತೆ ಮಾರಾಟವಾದಾಗ ಅವರಿಗೂ ಪಾಲು ಸಲ್ಲಬೇಕೆಂಬ ಕಟ್ಟಳೆಯನ್ನು ಮಾಡಿತು. ದೇವಾಲಯದಲ್ಲಿ ಮೂರ್ತಿಯನ್ನು ಕಡೆದ ಚಾವಣನ ಹೆಸರುಂಟು. ಬಳಪದ ಕಲ್ಲನ್ನು ಗಣಿಯಿಂದ ಎತ್ತಿ ಗಾಡಿಯಲ್ಲಿ ಸಾಗಿಸಿ ತಂದವನ ಹೆಸರಿಲ್ಲ. ನಮ್ಮ ಕಾಲದ ದೇವಾಲಯದಲ್ಲಾದರೂ ಅಷ್ಟು ದೂರದವರೆಗೆ ನಮ್ಮ ದೃಷ್ಟಿ ಹೋಗಲಿ.

ಗೃಹಸ್ಥರು ಮಾಡಬಹುದಾದುದು

ಯಂತ್ರಶಾಸ್ತ್ರವನ್ನು ಅರಿಯದ ನಾವು ಈ ವಿಷಯದಲ್ಲಿ ಮಾಡುವುದೇನೆಂದು ವಾಚಕರು ಕೇಳಬಹುದು. ಟ್ಯೂರಿಂಗ್ ಪಾರಿತೋಷಕವನ್ನು ಕೊಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಮಕ್ಕಳು ಕೇಳಿದ ಪ್ರಶ್ನೆಗೆ “ಅಮೆರಿಕದವರು ಯಾರೋ” ಎಂದು ಹೇಳದಿರುವುದು ನಮ್ಮ ಕೈಯಲ್ಲಿಯೇ ಇದೆ. ತಿಳಿಯದಿದ್ದರೆ “ತಿಳಿದು ಹೇಳುವೆನು” ಎನ್ನಬಹುದು. ಊರ ಶಾಲೆಯ ವಾರ್ಷಿಕೋತ್ಸವದಲ್ಲಿ ಬಿನ್ನವತ್ತಳೆಯನ್ನು ಓದುವಾಗ, ಹಣವಂತರ ಸಾಲಿನಲ್ಲಿ ಗಣಿತವನ್ನು ಚೆನ್ನಾಗಿ ಕಲಿಸಿದ ಉಪಾಧ್ಯಾಯರಿಗೂ ಒಂದು ಸ್ಥಾನವನ್ನು ಕೊಡಬಹುದು.

ಚೀಲದ ನಿಯಮವನ್ನು ವಾಚಕರು ಇನ್ನೊಮ್ಮೆ ನೆನೆಯಲಿ. ಫಲ ಸಿಕ್ಕಿದ ದಾರಿಗೆ ಬೀಜವನ್ನು ಹಾಕುವುದು ಯಂತ್ರದ ಕಲಿಕೆ. ಸಮಾಜವೂ ಅದರಂತೆಯೇ ಕಲಿಯುವುದು. ನಾವು ಯಾವ ಕೆಲಸವನ್ನು ಮೆಚ್ಚುವೆವೋ ಆ ದಾರಿಯಲ್ಲಿಯೇ ನಾಳಿನ ಮಕ್ಕಳು ನಡೆಯುವರು. ಮೆಚ್ಚುಗೆಯು ಎಲ್ಲಿಯೂ ಬೀಳದಿದ್ದರೆ ಚೀಲವು ಇದ್ದಂತೆಯೇ ಇರುವುದು. ಸುಲಭವಾಗಿ ಹೆಸರು ತರುವ ಕೆಲಸಗಳ ಮೇಲೆಯೇ ಬಿದ್ದರೆ ಕೊನೆಗೆ ಅದರಲ್ಲಿ ಬೇರೆ ಬೀಜವೇ ಉಳಿಯದು.

ಊರಿಗೆ ಬಂದ ಮೇಲೆ ನಾವು ಬಿಕ್ಕೋಡಿನ ಆ ಹುಡುಗಿಗೆ ಒಂದು ಕಾಗದವನ್ನು ಬರೆದು, ಮೇಲೆ ಹೇಳಿದ ಹೆಸರುಗಳನ್ನೂ ಬೀಜದ ಲೆಕ್ಕವನ್ನೂ ತಿಳಿಸಿದೆವು. ಹದಿನೈದು ದಿನಗಳ ಮೇಲೆ ಅವಳಿಂದ ಉತ್ತರ ಬಂದಿತು. ಅಜ್ಜನ ಚೀಲದಿಂದ ಕಾಫಿಬೀಜವನ್ನೂ ಅಡಿಗೆಮನೆಯಿಂದ ಹುಣಿಸೆಬೀಜವನ್ನೂ ತೆಗೆದುಕೊಂಡು, ತಮ್ಮನನ್ನು ಆನೆಯನ್ನಾಗಿ ಮಾಡಿ, ಇನ್ನೂರು ಸಲ ಆಡಿ ನೋಡಿದಳಂತೆ. ಮೊದಲನೆಯ ಸಲ ಅವಸರಪಟ್ಟು ದೊಡ್ಡ ಪಾಲನ್ನು ಬದಲಾಯಿಸಿದ್ದರಿಂದ ಆನೆಯು ಬೇಲಿಯ ದಾರಿಗೇ ಅಂಟಿಕೊಂಡಿತಂತೆ. ಎರಡನೆಯ ಸಲ ನಿಧಾನವಾಗಿ ಆಡಿದಾಗ ಸರಿಯಾಯಿತಂತೆ. ಕಾಗದದ ಕೆಳಗೆ ತನ್ನ ಹೆಸರನ್ನು ಬರೆದು, ಅದರ ಮುಂದೆ ಊರಿನ ಹೆಸರನ್ನೂ ಬರೆದಿದ್ದಳು.